ವರ್ಷಕ್ಕೆ 5,000 ಡಾಲರ್ ಒಳಗೆ ಮಾರಿದರೂ ಆರ್ಗ್ಯಾನಿಕ್ ರಿಜಿಸ್ಟ್ರೇಷನ್ ಬೇಕಾ? (ಕ್ಯಾಲಿಫೋರ್ನಿಯಾ)

ನುಗ್ಗೆಸೊಪ್ಪು

ನಮಸ್ಕಾರ. ಸೆಂಟ್ರಲ್ ವ್ಯಾಲಿಯಲ್ಲಿ ನಮ್ಮದು 2 ಎಕರೆ ಜಾಗ ಇದೆ, ತಗೊಂಡು ನಾಲ್ಕು ವರ್ಷ ಆಯ್ತು. ವಾರವೆಲ್ಲ ಆಫೀಸು, ರಜೆ ದಿನ ತೋಟ. ನುಗ್ಗೆ, ಹೀರೆ, ಹಾಗಲ, ಒಂದಿಷ್ಟು ಮೆಂತ್ಯ. ಮನೆಗೆ ಆಗಿ ಉಳಿದದ್ದನ್ನು ಈ ವರ್ಷದಿಂದ ಭಾನುವಾರದ ಫಾರ್ಮರ್ಸ್ ಮಾರ್ಕೆಟ್‌ಗೆ ಒಯ್ಯುತ್ತಿದ್ದೇವೆ.

ಹೋದ ವಾರ ನನ್ನ ಹೆಂಡತಿ ಒಂದು ರಟ್ಟಿನ ಪೆಟ್ಟಿಗೆ ಹರಿದು, ಮಾರ್ಕರ್‌ನಲ್ಲಿ ದೊಡ್ಡದಾಗಿ ಆರ್ಗ್ಯಾನಿಕ್ ಅಂತ ಬರೆದು ಹೀರೇಕಾಯಿ ಬುಟ್ಟಿಗೆ ಒರಗಿಸಿದಳು. ಅರ್ಧ ಗಂಟೆ ಆಗಿರಲಿಲ್ಲ, ಕೌಂಟಿ ಇನ್‌ಸ್ಪೆಕ್ಟರ್ ಬಂದು ರಿಜಿಸ್ಟ್ರೇಷನ್ ತೋರಿಸಿ ಅಂದರು. ಮಾರ್ಕೆಟ್‌ಗೆ ಅಂತ ಮಾಡಿಸಿದ್ದ ಬೆಳೆಗಾರರ ಸರ್ಟಿಫಿಕೇಟ್ ತೋರಿಸಿದೆ. ಇದಲ್ಲ, ಆರ್ಗ್ಯಾನಿಕ್‌ದು ಅಂದರು. ಜೋರು ಮಾಡಲಿಲ್ಲ ಪಾಪ, ರಟ್ಟು ತೆಗೆಸಿ ಹೋದರು. ಪಕ್ಕದ ಅಂಗಡಿಯವರು ನಮ್ಮನ್ನು ಕಳ್ಳರ ಹಾಗೆ ನೋಡಿದ್ದೇ ಜಾಸ್ತಿ ಬೇಜಾರಾಯ್ತು.

ವರ್ಷಕ್ಕೆ 5,000 ಡಾಲರ್ ಒಳಗೆ ಮಾರುವವರಿಗೆ ವಿನಾಯ್ತಿ ಇದೆ ಅಂತ ನಾನು ಓದಿದ್ದೆ. ನಮ್ಮದು 3,000 ಮುಟ್ಟಿದರೆ ದೊಡ್ಡದು. ಮತ್ತೆ ಇದು ಯಾವ ರಿಜಿಸ್ಟ್ರೇಷನ್?

ಹಳೇಟ್ರ್ಯಾಕ್ಟರ್

ಎಲ್ಲರೂ ಎಡವುವುದು ಇಲ್ಲೇ ಸರ್. ವಿನಾಯ್ತಿ ಇರುವುದು ಸರ್ಟಿಫಿಕೇಷನ್‌ಗೆ. ರಿಜಿಸ್ಟ್ರೇಷನ್‌ಗೆ ಅಲ್ಲ.

ಸರ್ಟಿಫಿಕೇಷನ್, ಅಂದರೆ ಮಾನ್ಯತೆ ಪಡೆದ ಸಂಸ್ಥೆಯೊಂದು ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವುದು, ಫೆಡರಲ್ ಲೆಕ್ಕ. ಆರ್ಗ್ಯಾನಿಕ್ ಆದಾಯ ವರ್ಷಕ್ಕೆ 5,000 ಡಾಲರ್ ದಾಟದಿದ್ದರೆ ಅದು ಕಡ್ಡಾಯ ಅಲ್ಲ. ಬೇರೆ ಬಹುತೇಕ ರಾಜ್ಯಗಳಲ್ಲಿ ಕತೆ ಅಲ್ಲಿಗೆ ಮುಗಿಯುತ್ತದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ್ದೇ ಆದ ಸ್ಟೇಟ್ ಆರ್ಗ್ಯಾನಿಕ್ ಪ್ರೋಗ್ರಾಂ ಇದೆ, ಅದಕ್ಕೆ ಬೇರೆ ಕಾನೂನೂ ಇದೆ. ಇಲ್ಲಿ ಆರ್ಗ್ಯಾನಿಕ್ ಅನ್ನುವ ಪದ ಹಾಕಿ ಒಂದು ಕಟ್ಟು ಮೆಂತ್ಯ ಮಾರುವುದಕ್ಕೂ ಮೊದಲು ರಾಜ್ಯ ಕೃಷಿ ಇಲಾಖೆ, ಅಂದರೆ ಸಿಡಿಎಫ್‌ಎಯಲ್ಲಿ ಹೆಸರು ಬರೆಸಿರಬೇಕು. ಪ್ರತಿ ವರ್ಷ ನವೀಕರಣ. ಶುಲ್ಕ ಮಾರಾಟದ ಮೇಲೆ ಹೋಗುತ್ತದೆ, ನಿಮ್ಮಂಥ ಚಿಕ್ಕವರಿಗೆ ಅದೇನು ಹೊರೆ ಅಲ್ಲ.

ರಿಜಿಸ್ಟರ್ ಆದಮೇಲೆ ಆ ರಟ್ಟನ್ನು ವಾಪಸ್ ಇಡಬಹುದು, ನಿಮ್ಮ ಮನೆಯವರ ಕೈಬರಹಕ್ಕೆ ಯಾರ ತಕರಾರೂ ಇಲ್ಲ :) ಆದರೆ ಸರ್ಟಿಫೈಡ್ ಅಂತ ಬರೆಯುವ ಹಾಗಿಲ್ಲ, ಫೆಡರಲ್ ಕೃಷಿ ಇಲಾಖೆಯ (ಯುಎಸ್‌ಡಿಎ) ಮುದ್ರೆ ಅಂಟಿಸುವ ಹಾಗಿಲ್ಲ.

ಇನ್ನೊಂದು ಮಾತು. ಸರ್ಟಿಫಿಕೇಷನ್ ಬೇಡ ಅಂದ ಮಾತ್ರಕ್ಕೆ ನಿಯಮ ಬೇಡ ಅಂತಲ್ಲ. ಬೆಳೆಯುವ ನಿಯಮ ದೊಡ್ಡ ಫಾರ್ಮಿಗೂ ನಿಮಗೂ ಒಂದೇ. ನಿಷೇಧಿತ ರಾಸಾಯನಿಕ ಬಿದ್ದು 3 ವರ್ಷ ಆಗಿರಬೇಕು. ಹಸಿ ಗೊಬ್ಬರ ಹಾಕಿದರೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಕೊಯ್ಲಿಗೆ 120 ದಿನ ಮೊದಲು, ತಾಗದ್ದಾದರೆ 90 ದಿನ ಮೊದಲು ಮಣ್ಣಿಗೆ ಸೇರಿರಬೇಕು. ದಾಖಲೆ 3 ವರ್ಷ ಇಟ್ಟುಕೊಂಡಿರಬೇಕು. ಸರ್ಟಿಫೈ ಆದವರಿಗೆ ಅದು 5 ವರ್ಷ.

ಭರಣಿ

ಕಾಯಿ ಸೊಪ್ಪು ಹಾಗೇ ಮಾರುವವರೆಗೆ ಹಳೇಟ್ರ್ಯಾಕ್ಟರ್ ಅವರು ಹೇಳಿದ್ದು ಸರಿ. ನುಗ್ಗೆಸೊಪ್ಪು ಒಣಗಿಸಿ ಪುಡಿ ಮಾಡಿ ಪ್ಯಾಕೆಟ್ ಹಾಕೋಣ ಅಂತ ಆಸೆ ಹುಟ್ಟುತ್ತೆ ನೋಡಿ (ನನಗೂ ಹುಟ್ಟಿತ್ತು), ಅಲ್ಲಿಂದ ದಾರಿ ಬೇರೆ. ಸಂಸ್ಕರಿಸಿದ ಆಹಾರದ ಆರ್ಗ್ಯಾನಿಕ್ ರಿಜಿಸ್ಟ್ರೇಷನ್ ಕೃಷಿ ಇಲಾಖೆಯಲ್ಲಿ ಅಲ್ಲ, ರಾಜ್ಯದ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿ. ನಾನು ತಪ್ಪು ಇಲಾಖೆಗೆ ಅರ್ಜಿ ಹಾಕಿ ಎರಡು ತಿಂಗಳು ಸುಮ್ನೆ ಕಾದಿದ್ದೆ. ತಪ್ಪು ನಂದೇ, ಅರ್ಜಿಯ ಮೊದಲ ಪುಟವನ್ನೇ ಸರಿಯಾಗಿ ಓದಿರಲಿಲ್ಲ.

ಮತ್ತೆ, ಸರ್ಟಿಫಿಕೇಷನ್ ಇಲ್ಲದೆ ಬೆಳೆದ ಸೊಪ್ಪನ್ನು ಬೇರೆಯವರು ಕೊಂಡು ತಮ್ಮ ಪುಡಿಗೆ ಆರ್ಗ್ಯಾನಿಕ್ ಅಂತ ಹೆಸರಿಡುವಂತಿಲ್ಲ. ಯಾರಾದರೂ ಸಗಟಾಗಿ ಕೊಡಿ ಅಂತ ಬಂದರೆ ಇದನ್ನು ಮೊದಲೇ ಹೇಳಿಬಿಡಿ.

ನುಗ್ಗೆಸೊಪ್ಪು

ಇಬ್ಬರಿಗೂ ಥ್ಯಾಂಕ್ಸ್. ಪುಡಿ ಯೋಚನೆ ಇತ್ತು, ಸದ್ಯಕ್ಕೆ ಮಡಚಿಟ್ಟೆ. ನಾವಂತೂ ಬಂದಾಗಿನಿಂದ ಏನೂ ಹೊಡೆದಿಲ್ಲ. ಆದರೆ ಹಳೇ ಮಾಲೀಕರು ಏನು ಹೊಡೆದಿದ್ದರೋ, ಯಾವಾಗ ನಿಲ್ಲಿಸಿದರೋ ಯಾರಿಗೆ ಗೊತ್ತು? ಅವರು ಊರು ಬಿಟ್ಟು ಹೋಗಿದ್ದಾರೆ. ಆಚೆ ಬದಿ ಪೂರ್ತಿ ಬಾದಾಮಿ ತೋಟ, ಸೀಸನ್‌ನಲ್ಲಿ ಔಷಧಿ ಹೊಡೆಯುತ್ತಾರೆ. ಅಂದಹಾಗೆ, ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿಗೂ ರಾಜ್ಯದ ರಿಜಿಸ್ಟ್ರೇಷನ್ ಇದೆಯಾ, ಇಲ್ಲಾ ಇದೆಲ್ಲ ನಮ್ಮ ತಲೆಗೆ ಮಾತ್ರನಾ?

ಕಡತದಹುಳು

ಹತ್ತು ವರ್ಷ ಒಂದು ಸರ್ಟಿಫೈಯರ್ ಸಂಸ್ಥೆಯಲ್ಲಿ ಕಡತ ನೋಡಿದವನು ನಾನು, ಅದಕ್ಕೇ ಈ ಹೆಸರು. ಕೊನೇ ಪ್ರಶ್ನೆ ಮೊದಲು. ಅವರಿಗೂ ಇದೆ. ಸರ್ಟಿಫೈಯರ್‌ಗೆ ಮೊದಲು ಯುಎಸ್‌ಡಿಎ ಮಾನ್ಯತೆ ಬೇಕು, ಅದು 5 ವರ್ಷಕ್ಕೊಮ್ಮೆ ನವೀಕರಣ. ಅದು ಕೈಯಲ್ಲಿದ್ದರೂ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಬೇಕಾದರೆ ಸಿಡಿಎಫ್‌ಎಯಲ್ಲೂ ರಿಜಿಸ್ಟರ್ ಆಗಬೇಕು. 2024ರ ಮಾರ್ಚ್‌ನಿಂದ ಫೆಡರಲ್ ನಿಯಮ ಇನ್ನೂ ಬಿಗಿಯಾಗಿದೆ. ತಾನು ಸರ್ಟಿಫೈ ಮಾಡಿದವರಲ್ಲಿ ಕನಿಷ್ಠ 5 ಶೇಕಡಾ ಜನರ ಹತ್ತಿರ ಪ್ರತಿ ವರ್ಷ ಹೇಳದೆ ಕೇಳದೆ ತಪಾಸಣೆಗೆ ಹೋಗಲೇಬೇಕು.

ತಪಾಸಣೆಗೆ ಬಂದವರನ್ನು ಇದನ್ನು ಹೇಗೆ ಸರಿ ಮಾಡಲಿ ಅಂತ ಕೇಳಿದರೆ ಸುಮ್ಮನೆ ನಗುತ್ತಾರೆ. ಅದು ಜಂಭ ಅಲ್ಲ. ಪರೀಕ್ಷೆ ಮಾಡುವವರೇ ಪಾಠ ಹೇಳಿಕೊಡಬಾರದು ಅನ್ನುವುದು ಅವರಿಗೆ ಹಾಕಿದ ನಿಯಮ. ನನಗೂ ಎಷ್ಟೋ ಸಲ ಉತ್ತರ ನಾಲಿಗೆ ತುದಿಗೆ ಬಂದು ನುಂಗಿಕೊಂಡಿದ್ದೇನೆ.

ಹಳೇ ಮಾಲೀಕರ ವಿಷಯಕ್ಕೆ ಬರೋಣ. ಅವರು ಸಿಕ್ಕಿದರೆ ಒಂದು ಹಾಳೆ ಬರೆಸಿಕೊಂಡು ಸಹಿ ಹಾಕಿಸಿ. ಸಿಗದಿದ್ದರೂ ಚಿಂತೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ಹೊಲಕ್ಕೆ ಹೊಡೆದ ಕೀಟನಾಶಕದ ವರದಿಯನ್ನು ಕೌಂಟಿಗೆ ಕೊಡುವುದು ಕಡ್ಡಾಯ. ಕೌಂಟಿ ಕೃಷಿ ಕಮಿಷನರ್ ಕಚೇರಿಗೆ ಹೋಗಿ ನಿಮ್ಮ ಜಾಗದ ದಾಖಲೆ ಕೇಳಿ. ಬಾದಾಮಿ ತೋಟದ ಬದಿಗೆ ಒಂದಷ್ಟು ಅಂತರ ಬಿಡಿ, ಆ ಪಟ್ಟಿಯಲ್ಲಿ ಬೆಳೆದದ್ದನ್ನು ಆರ್ಗ್ಯಾನಿಕ್ ಬುಟ್ಟಿಗೆ ಸೇರಿಸಬೇಡಿ.

ಕೊನೆಗೆ ನಾನು ಎಲ್ಲರಿಗೂ ಕೇಳುವ ಪ್ರಶ್ನೆ: ಬೀಜ ಯಾವುದು? ಆರ್ಗ್ಯಾನಿಕ್ ಬೀಜ ಹುಡುಕಿಯೂ ಸಿಗದಿದ್ದರೆ ಸಾಮಾನ್ಯ ಬೀಜ ನಡೆಯುತ್ತದೆ, ಆದರೆ ಶಿಲೀಂಧ್ರನಾಶಕ ಸವರಿದ್ದು ನಡೆಯುವುದಿಲ್ಲ. ಗುಲಾಬಿ ಬಣ್ಣ ಇದ್ದರೆ ಪ್ಯಾಕೆಟ್ ಹಿಂದಿನ ಚಿಕ್ಕ ಅಕ್ಷರ ಓದಿ.

ಭರಣಿ

ಕರಿಬೇವು ಹಾಕುವ ಆಲೋಚನೆ ಇದ್ದರೆ ಅದಕ್ಕೆ ಇನ್ನೊಂದು ಕಾಟ. ನಿಂಬೆ ಜಾತಿ ಗಿಡಗಳ ಸಿಲ್ಲಿಡ್ ಕೀಟ ಅದರ ಮೇಲೂ ಕೂರುತ್ತೆ. ಕ್ವಾರಂಟೈನ್ ಪ್ರದೇಶದಿಂದ ಗಿಡ, ಸೊಪ್ಪು ಸಾಗಿಸುವುದಕ್ಕೆ ನಿರ್ಬಂಧ ಇದೆ. ಅದಕ್ಕೂ ಆರ್ಗ್ಯಾನಿಕ್‌ಗೂ ಸಂಬಂಧ ಇಲ್ಲ, ಆದರೆ ಇದನ್ನೂ ನೋಡುವುದು ಮಾರ್ಕೆಟ್‌ಗೆ ಬರುವ ಅದೇ ಇನ್‌ಸ್ಪೆಕ್ಟರ್ ಅಲ್ವಾ.

ನುಗ್ಗೆಸೊಪ್ಪು

ಈಗಷ್ಟೇ ಗ್ಯಾರೇಜಿಗೆ ಹೋಗಿ ಬೀಜದ ಡಬ್ಬಿ ತೆಗೆದು ನೋಡಿದೆ. ಹೀರೆ, ಮೆಂತ್ಯ ಸರಿ ಇದೆ. ಹಾಗಲದ್ದು ಪಕ್ಕಾ ಗುಲಾಬಿ. ಚಿಕ್ಕ ಅಕ್ಷರದಲ್ಲಿ ಥೈರಾಮ್ ಅಂತಿದೆ. ಎರಡು ಸಾಲು ಏಪ್ರಿಲ್‌ನಲ್ಲೇ ಹಾಕಿಯಾಗಿದೆ, ಚಪ್ಪರಕ್ಕೆ ಹತ್ತಿ ಕಾಯಿ ಬಿಡುತ್ತಿದೆ. ಕೀಳಬೇಕಾ?

ಕಡತದಹುಳು

ಕೀಳಬೇಡಿ, ಗೊಜ್ಜು ಮಾಡಿ ತಿನ್ನಿ. ಮಾರುವುದಾದರೆ ಬೇರೆ ಬುಟ್ಟಿಯಲ್ಲಿ, ಆರ್ಗ್ಯಾನಿಕ್ ಅನ್ನದೆ. ಆ ಎರಡು ಸಾಲಿಗೆ ಗೂಟ ಹೊಡೆದು, ನಕ್ಷೆಯಲ್ಲಿ ಗುರುತು ಹಾಕಿ, ಬಿತ್ತಿದ ತಾರೀಕು ಬರೆದಿಡಿ. ಅಷ್ಟು ಜಾಗದ 3 ವರ್ಷ ಆ ತಾರೀಕಿನಿಂದ ಶುರು.