ವಿಸಿಬಿಲಿಟಿ ಟೈಮ್‌ಔಟ್‌ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ಕ್ಯೂ, ಲೋಕಲ್ ಸರ್ವರ್ ಬಗ್ಗೆಯೂ

ಎಲ್ಲರಿಗೂ ನಮಸ್ಕಾರ.

ಜೆ.ಪಿ. ನಗರದ ನಮ್ಮ ಆಫೀಸಿಗೆ ಹೊಸದಾಗಿ ಸೇರುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮುಗಿಸಿ ಬಂದವರು ಜಾಸ್ತಿ. ಕೆಲಸದಲ್ಲಿ ಚುರುಕು, ಇಂಗ್ಲಿಷ್ ಕೈಪಿಡಿ ಕೊಟ್ಟರೆ ಮಾತ್ರ ಸುಮ್ನೆ ಮೂರು ಪುಟ ತಿರುವಿ ಪಕ್ಕಕ್ಕಿಡುತ್ತಾರೆ. ಹಾಗಾಗಿ ಮೆಸೇಜ್ ಕ್ಯೂ ಸೇವೆಯನ್ನು ತಮ್ಮ ಲ್ಯಾಪ್‌ಟಾಪಿನಲ್ಲೇ ನಡೆಸಿ ಪರೀಕ್ಷಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದ ಸಲೀಸಾಗಿ ಸಿಕ್ಕವು. ಒಂದು ಮಾತ್ರ ಸತಾಯಿಸುತ್ತಿದೆ.

ಈ ಕಸುಬಿನಲ್ಲಿ ಇಲ್ಲದವರಿಗಾಗಿ ಎರಡು ಮಾತು. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೆಲಸ ಹೇಳಬೇಕು, ಆದರೆ ಅದು ಮುಗಿಯುವವರೆಗೂ ಕಾಯುತ್ತಾ ಕೂರಬಾರದು. ಉದಾಹರಣೆಗೆ ಬಿಲ್ ಆದ ಮೇಲೆ ಗಿರಾಕಿಗೆ ಎಸ್ಸೆಮ್ಮೆಸ್ ಕಳಿಸುವುದು. ಆಗ ಮೊದಲನೆಯದು ಒಂದು ಸಂದೇಶ ಬರೆದು ಕ್ಯೂಗೆ ಹಾಕಿ ತನ್ನ ದಾರಿ ಹಿಡಿಯುತ್ತದೆ. ಎರಡನೆಯದು ಬಿಡುವಾದಾಗ ಅದನ್ನು ಎತ್ತಿಕೊಳ್ಳುತ್ತದೆ. ಅಮೆಜಾನಿನ ಎಸ್‌ಕ್ಯೂಎಸ್ ಇಂಥ ಸೇವೆ. 2006ರಿಂದ ಬಳಕೆಯಲ್ಲಿದೆ. ತಿಂಗಳಿಗೆ ಹತ್ತು ಲಕ್ಷ ಕೋರಿಕೆಗಳವರೆಗೆ ಪುಕ್ಕಟೆ, ಹಾಗಾಗಿ ನಮ್ಮ ತಾಪತ್ರಯ ದುಡ್ಡಿನದಲ್ಲ. ನಾಲ್ಕು ಜನ ಒಂದೇ ಕ್ಯೂ ಮೇಲೆ ಪರೀಕ್ಷೆ ಮಾಡಿದರೆ, ನಾನು ಹಾಕಿದ ಸಂದೇಶವನ್ನು ಪಕ್ಕದ ಮೇಜಿನವರ ಪ್ರೋಗ್ರಾಂ ಎತ್ತಿಕೊಂಡು ಹೋಗುತ್ತದೆ. ನಾನು ಇಲ್ಲಿ ‘ಸಂದೇಶ ಬರಲೇ ಇಲ್ಲ’ ಅಂತ ಕೋಡ್ ಕೆದಕುತ್ತಿರುತ್ತೇನೆ. ಅದಕ್ಕೇ ಎಲಾಸ್ಟಿಕ್‌ಎಮ್‌ಕ್ಯೂ ಥರದ ತಂತ್ರಾಂಶವನ್ನು ಅವರವರ ಯಂತ್ರದಲ್ಲಿ ನಡೆಸುವುದು. ಎಸ್‌ಕ್ಯೂಎಸ್ ಆಡುವ ಮಾತನ್ನೇ ಅದೂ ಆಡುತ್ತದೆ, 9324ನೇ ಪೋರ್ಟಿನಲ್ಲಿ (ಪ್ರೋಗ್ರಾಂಗಳು ಮಾತಾಡಿಸಲು ಯಂತ್ರದಲ್ಲಿರುವ ನಂಬರಿನ ಬಾಗಿಲು ಅನ್ನಿ) ಕೂತಿರುತ್ತದೆ, ಕರೆಂಟು ಹೋಗಿ ವೈಫೈ ಸತ್ತರೂ ಕೆಲಸ ನಿಲ್ಲುವುದಿಲ್ಲ.

ಮೊದಲ ತೊಡಕು ‘ಲೋಕಲ್’. ಕರಡಿನಲ್ಲಿ ‘ಸ್ಥಳೀಯ ಸರ್ವರ್’ ಅಂತ ಬರೆದಿದ್ದೆ. ಓದಿದ ಹುಡುಗಿಯೊಬ್ಬಳು ‘ಸರ್, ಇದು ಮುಂಬೈದಾ ಹೈದರಾಬಾದಿಂದಾ?’ ಅಂತ ಕೇಳಿದಳು. ಅವಳ ಪ್ರಶ್ನೆ ಸರಿಯಾಗೇ ಇದೆ. ಅಮೆಜಾನಿಗೆ ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ ಸರ್ವರ್ ಕೇಂದ್ರಗಳಿವೆ. ಸ್ಥಳೀಯ ಅಂದರೆ ನಮ್ಮ ಕಿವಿಗೆ ಊರು, ಸುತ್ತಮುತ್ತ, ಸ್ಥಳೀಯ ಸಂಸ್ಥೆಗಳ ಚುನಾವಣೆ. ನನ್ನ ಮುಂದಿರುವ ಪೆಟ್ಟಿಗೆ ಅಂತ ಯಾರಿಗೂ ಹೊಳೆಯುವುದಿಲ್ಲ. ಹಾಗಂತ ‘ಲೋಕಲ್’ ಅಂತಲೇ ಬಿಟ್ಟರೆ, ಬೆಂಗಳೂರಿನ ಬೀದಿಮಾತಿನಲ್ಲಿ ಲೋಕಲ್ ಅಂದರೆ ಕಳಪೆ ಮಾಲು. ‘ನಿಮ್ಮ ಯಂತ್ರದ ಸರ್ವರ್’ ಅಂತ ಬರೆದೆ. ಉದ್ದ ಆಯ್ತು, ಆದರೆ ಯಾರೂ ಮತ್ತೆ ಕೇಳಲಿಲ್ಲ.

‘ಸರ್ವರ್’ ತಂಟೆಗೆ ನಾನು ಹೋಗಿಲ್ಲ. ಹೋಟೆಲಿನಲ್ಲಿ ಕಾಫಿ ತಂದುಕೊಡುವವರೂ ಸರ್ವರ್, ರೇಷನ್ ಅಂಗಡಿಯಲ್ಲಿ ‘ಇವತ್ತು ಇಲ್ಲ’ ಅನ್ನುವುದೂ ಸರ್ವರ್. ಎರಡೂ ಎಲ್ಲರಿಗೂ ಗೊತ್ತು. ಕ್ರಿಯಾಪದಗಳಂತೂ ಆಫೀಸಿನ ಮಾತಿನಲ್ಲಿ ತಾವಾಗೇ ಹುಟ್ಟಿವೆ. ಸರ್ವರ್ ಏಳುತ್ತದೆ, ಬೀಳುತ್ತದೆ. ‘ಎದ್ದಿದ್ಯಾ ನೋಡು’, ‘ಮತ್ತೆ ಬಿತ್ತು’. ‘ಚಾಲನೆಗೊಳಿಸಿ’ ಅನ್ನುವುದಕ್ಕಿಂತ ‘ಎಬ್ಬಿಸಿ’ ಎಷ್ಟೋ ವಾಸಿ ಅಲ್ವಾ? ಕೈಪಿಡಿಯಲ್ಲಿ ಹಾಗೇ ಬರೆದಿದ್ದೇನೆ.

ಇನ್ನು ಕ್ಯೂ. ಸಾಲು, ಸರದಿ, ಸರತಿ ಸಾಲು, ಎಲ್ಲ ಇವೆ. ಧಾರವಾಡದ ಕಡೆ ‘ಪಾಳಿ ಹಚ್ಚಿ ನಿಂತರು’ ಅನ್ನುತ್ತಾರೆ, ಸೊಗಸಾದ ಮಾತು. ಆದರೆ ಇಲ್ಲಿ ಪಾಳಿ ಅಂದರೆ ರಾತ್ರಿ ಪಾಳಿ, ಹಗಲು ಪಾಳಿ. ‘ಸಾಲು’ ಬಳಸೋಣ ಅಂದರೆ ಅದೇ ಕೈಪಿಡಿಯಲ್ಲಿ ‘ಕೋಡಿನ ಹತ್ತನೇ ಸಾಲು’ ಅಂತಲೂ ಬರುತ್ತದೆ. (ಸರ್ಕಾರಿ ಸುತ್ತೋಲೆ ಓದುವವರಿಗೆ 2024-25ನೇ ಸಾಲು ಬೇರೆ!) ‘ಸರದಿ’ಯ ತೊಡಕು ಇನ್ನೂ ದೊಡ್ಡದು. ಸರದಿ ಅಂದ ಮೇಲೆ ಮೊದಲು ಬಂದವರಿಗೆ ಮೊದಲು ಸಿಗಬೇಕು. ಎಸ್‌ಕ್ಯೂಎಸ್‌ನ ಮಾಮೂಲಿ ಕ್ಯೂನಲ್ಲಿ ಆ ಖಾತ್ರಿ ಇಲ್ಲ. ಹಿಂದೆ ಹಾಕಿದ್ದು ಮುಂದೆ ಬರಬಹುದು, ಅಪರೂಪಕ್ಕೆ ಒಂದೇ ಸಂದೇಶ ಎರಡು ಸಲವೂ ಬರಬಹುದು. ಕ್ರಮ ತಪ್ಪದ ಫಿಫೋ ಕ್ಯೂ ಬೇರೆಯೇ ಇದೆ, 2016ರಲ್ಲಿ ಬಂತು. ಆದ್ದರಿಂದ ಮಾಮೂಲಿಯದನ್ನು ಬರೀ ‘ಕ್ಯೂ’ ಅಂತ ಬಿಟ್ಟು, ಫಿಫೋಗೆ ‘ಸರದಿ ಕ್ಯೂ’ ಅಂದಿದ್ದೇನೆ. ಸರದಿ ಇರುವಲ್ಲಿ ಮಾತ್ರ ಸರದಿ ಅನ್ನುವುದು ನನಗೆ ಸರಿ ಕಾಣುತ್ತದೆ.

ಈಗ ಸತಾಯಿಸುತ್ತಿರುವ ಪದಕ್ಕೆ ಬರುತ್ತೇನೆ. ಕ್ಯೂನಿಂದ ಒಂದು ಸಂದೇಶ ಎತ್ತಿಕೊಂಡರೆ ಅದು ಅಲ್ಲಿಂದ ಅಳಿದುಹೋಗುವುದಿಲ್ಲ. ಬೇರೆಯವರ ಕಣ್ಣಿಗೆ ಬೀಳದ ಹಾಗೆ ಸ್ವಲ್ಪ ಹೊತ್ತು ಅಡಗಿರುತ್ತದೆ. ನಾವಾಗಿ ಏನೂ ಹೇಳದಿದ್ದರೆ 30 ಸೆಕೆಂಡು. ಅಷ್ಟರಲ್ಲಿ ಕೆಲಸ ಮುಗಿಸಿ ‘ಅಳಿಸು’ ಅನ್ನಬೇಕು. ಅನ್ನದಿದ್ದರೆ ಕೆಲಸ ಮಾಡುತ್ತಿದ್ದ ಪ್ರೋಗ್ರಾಂ ಕೆಟ್ಟಿತು ಅಂದುಕೊಂಡು ಕ್ಯೂ ಅದನ್ನು ಮತ್ತೆ ಮುಂದಿಡುತ್ತದೆ. ಕೈಪಿಡಿಯ ಮೊದಲ ಪಾಠವೇ ಇದು. ಸಂದೇಶ ಎತ್ತಿಕೊಳ್ಳಿ, ಪರದೆಯ ಮೇಲೆ ರಿಸೀವ್ ಕೌಂಟ್ (ಎಷ್ಟು ಸಲ ಎತ್ತಿಕೊಂಡದ್ದು ಅನ್ನುವ ಎಣಿಕೆ) 1 ಅಂತ ಕಾಣುತ್ತದೆ. ಕಂಟ್ರೋಲ್ ಸಿ ಒತ್ತಿ ಪ್ರೋಗ್ರಾಮನ್ನು ಕೊಲ್ಲಿ. ತಕ್ಷಣ ಮತ್ತೆ ಕೇಳಿ, ಕ್ಯೂ ಖಾಲಿ. ಅರ್ಧ ನಿಮಿಷ ಬಿಟ್ಟು ಕೇಳಿ, ಅದೇ ಸಂದೇಶ ಬರುತ್ತದೆ, ಎಣಿಕೆ 2 ಆಗಿರುತ್ತದೆ. ಇದನ್ನು ಕಣ್ಣಾರೆ ನೋಡಿದವರಿಗೆ ಉಳಿದದ್ದೆಲ್ಲ ಸುಲಭ.

ಈ 30 ಸೆಕೆಂಡಿಗೆ ಇಂಗ್ಲಿಷಿನಲ್ಲಿ ವಿಸಿಬಿಲಿಟಿ ಟೈಮ್‌ಔಟ್ ಅನ್ನುತ್ತಾರೆ. ಪದಕ್ಕೆ ಪದ ಇಟ್ಟು ‘ಗೋಚರತೆಯ ಕಾಲಮಿತಿ’ ಅಂದರೆ ಅರ್ಥ ತಲೆಕೆಳಗಾಗುತ್ತದೆ. ಸಂದೇಶ ಕಾಣುವ ಹೊತ್ತು ಅಂತ ಆಯಿತಲ್ಲ, ಇದು ಕಾಣದಿರುವ ಹೊತ್ತು! ‘ಮರೆ ಅವಧಿ’ ಅಂತ ಯೋಚಿಸಿದೆ. ಮರೆ ಅಂದರೆ ಅಡ್ಡ, ಹೌದು. ಆದರೆ ಮರೆಯುವುದೂ ಅಲ್ಲೇ ನುಸುಳುತ್ತದೆ. ಕ್ಯೂ ಸಂದೇಶವನ್ನು ಮರೆತುಬಿಟ್ಟಿತು ಅಂತ ಓದುಗರು ತಿಳಿದರೆ ಕಥೆ ಮುಗಿಯಿತು, ಏಕೆಂದರೆ ಅದು ಮರೆಯದೇ ಇರುವುದೇ ಇಲ್ಲಿನ ಮುಖ್ಯ ಸಂಗತಿ.

ಸದ್ಯಕ್ಕೆ ನನಗೆ ಹಿಡಿಸಿರುವುದು ‘ವಾಪಸ್ ಗಡುವು’. ಗಡುವಿನೊಳಗೆ ಮುಗಿಸದಿದ್ದರೆ ಸಂದೇಶ ವಾಪಸ್. ಕೆಲಸ ಉದ್ದವಾದರೆ ಮಧ್ಯದಲ್ಲೇ ಹೊತ್ತು ಹೆಚ್ಚಿಸಿಕೊಳ್ಳಬಹುದು, 12 ಗಂಟೆಯವರೆಗೆ. ‘ಗಡುವು ವಿಸ್ತರಣೆ’ ಪೇಪರಿನಲ್ಲಿ ದಿನಾ ಓದುವ ಮಾತು, ವಿವರಿಸಬೇಕಾಗೇ ಇಲ್ಲ. ಆದರೆ ಆ ಹೊತ್ತಿನಲ್ಲಿ ಬೇರೆಯವರಿಗೆ ಕಾಣುವುದಿಲ್ಲ ಅನ್ನುವ ಅರ್ಧ ಇದರಲ್ಲಿ ಕೈಬಿಟ್ಟುಹೋಗುತ್ತದೆ.

ಡೆಡ್ ಲೆಟರ್ ಕ್ಯೂ ಬಗ್ಗೆ ಜಾಸ್ತಿ ಎಳೆಯುವುದಿಲ್ಲ. ಎಷ್ಟು ಸಲ ವಾಪಸ್ ಬಂದರೂ ಕೆಲಸ ಆಗದ ಸಂದೇಶಗಳನ್ನು ಬದಿಗೆ ಹಾಕುವ ಜಾಗ ಅದು. ಹೆಸರು ಬಂದದ್ದು ವಿಳಾಸ ಸಿಗದ ಕಾಗದಗಳನ್ನು ಇಡುವ ಅಂಚೆ ಕಚೇರಿಗಳಿಂದ. ‘ಸತ್ತ ಕಾಗದ’ ಅಂದರೆ ಸಾವಿನ ಸುದ್ದಿ ಬಂದ ಹಾಗಿರುತ್ತದೆ. ‘ಎತ್ತಿಟ್ಟ ಕ್ಯೂ’ ಅಂದಿದ್ದೇನೆ. ಆಮೇಲೆ ಯಾರಾದರೂ ತೆಗೆದು ನೋಡುತ್ತಾರೆ ಅನ್ನುವ ಭಾವ ಅದರಲ್ಲಿದೆ, ನೋಡಲೂ ಬೇಕು.

ನನ್ನ ಪ್ರಶ್ನೆಗಳು ಇಷ್ಟು. ‘ವಾಪಸ್ ಗಡುವು’ ನಿಮ್ಮ ಕಡೆಯ ಕಿವಿಗೆ ಹೇಗೆ ಕೇಳುತ್ತದೆ? ಮುಷ್ಕರದ ಎಚ್ಚರಿಕೆ ಥರ ಗದರಿದ ಹಾಗಿರುತ್ತದೆಯೇ? ಅಂಚೆಯಲ್ಲೋ ಬ್ಯಾಂಕಿನಲ್ಲೋ ಕೋರ್ಟಿನಲ್ಲೋ ಒಂದು ಕಡತ ಒಬ್ಬರ ಕೈಯಲ್ಲಿರುವಾಗ ಇನ್ನೊಬ್ಬರಿಗೆ ಸಿಗದ ಹೊತ್ತಿಗೆ ಯಾವುದಾದರೂ ಬಳಕೆಮಾತು ಇದೆಯೇ? ಇನ್ನೊಂದು ಪ್ರಯೋಗವೂ ಬೇಕಾಗಿದೆ. ಪ್ರೋಗ್ರಾಂ ಸಂದೇಶ ಎತ್ತಿಕೊಂಡ ಮೇಲೆ ‘ನನ್ನ ಕೈಲಿ ಆಗಲ್ಲ, ಬೇರೆಯವರು ತಗೊಳ್ಳಲಿ’ ಅಂತ ಈ ಹೊತ್ತನ್ನು ಸೊನ್ನೆಗೆ ಇಳಿಸಬಹುದು. ‘ಗಡುವನ್ನು ಸೊನ್ನೆ ಮಾಡಿ’ ಅಂತ ಬರೆದರೆ ಅದು ಸಂದೇಶವನ್ನು ಬಿಟ್ಟುಕೊಡುವುದು ಅಂತ ಅರ್ಥವಾಗುತ್ತದೆಯೇ, ಇಲ್ಲಾ ನೇರವಾಗಿ ‘ಬಿಟ್ಟುಕೊಡಿ’ ಅಂತಲೇ ಬರೆಯಲೇ?