ಅಡ್ವಾನ್ಸ್ ಈಗ್ಲೇ ಕೊಡಡ

ಶಿರಸಿ ಅಣ್ಣ ಕಾರು ನೋಡಲು ಶುರು ಮಾಡಿದ ಮೇಲೆ ನಮ್ಮ ಮನೆಯವರ ವಾಟ್ಸಾಪ್ ಗುಂಪು "ಅಜ್ಜನಮನೆ ಬಳಗ"ದಲ್ಲಿ ಅಡಿಕೆ ಧಾರಣೆ ಹಾಕುವವರೂ ಸುಮ್ಮನಾಗಿದ್ದಾರೆ. ಶುಕ್ರವಾರ ಸಂಜೆ ಕಾರವಾರ ಚಿಕ್ಕಪ್ಪ ಎಲ್ಲಿಂದಲೋ ಬಂದ ಫಾರ್ವರ್ಡ್ ಒಂದನ್ನು ಹಾಕಿದ. "ಹತ್ತೇ ನಿಮಿಷದಲ್ಲಿ ಕಾರಿನ ಜಾತಕ!" ಪಿಕಪ್ ನೋಡಿ, ಎಸಿ ನೋಡಿ, ಟಚ್ ಸ್ಕ್ರೀನ್ ನೋಡಿ, ಸನ್‌ರೂಫ್ ತೆರೆದು ನೋಡಿ, ಬುಕ್ ಮಾಡಿ. ಅದರ ಬೆನ್ನಿಗೇ ಅಣ್ಣನ ಫೋಟೊ, ಸ್ಟೀರಿಂಗ್ ಹಿಡಿದು ನಗುತ್ತಿರುವುದು. ಜಗಳ ಹತ್ತಿಕೊಳ್ಳಲು ಅಷ್ಟು ಸಾಕಾಯಿತು. ನಡುವಿನ ಸ್ಟಿಕರ್, ಕೈಮುಗಿದ ಚಿತ್ರ ಬಿಟ್ಟು ಉಳಿದದ್ದು ಇಲ್ಲಿದೆ.

ಶಿರಸಿ ಅಣ್ಣ: ಟೆಸ್ಟ್ ಡ್ರೈವ್ ಆತು. ಆಟೊಮ್ಯಾಟಿಕ್. ಬೆಣ್ಣೆ ಇದ್ದಂಗೆ ಇದ್ದು. ಚಿಕ್ಕಪ್ಪ ಹಾಕಿದ್ದೆಲ್ಲ ನೋಡಿದ್ದಿ. ನಾಳೆ ಅಡ್ವಾನ್ಸ್ ಕೊಡದು.

ಯಲ್ಲಾಪುರ ಅಕ್ಕ: ಎಲ್ಲಿ ಓಡಿಸಿದೆ?

ಶಿರಸಿ ಅಣ್ಣ: ಶೋರೂಮಿಂದ ಹುಬ್ಬಳ್ಳಿ ರಸ್ತೇಲಿ ಸ್ವಲ್ಪ ದೂರ ಹೋಗಿ ವಾಪಸ್.

ಯಲ್ಲಾಪುರ ಅಕ್ಕ: ಹಿಂದೆ ಯಾರು ಕೂತಿದ್ರು?

ಶಿರಸಿ ಅಣ್ಣ: ಯಾರೂ ಇಲ್ಲೆ. ಪಕ್ಕದಲ್ಲಿ ಸೇಲ್ಸ್ ಹುಡುಗ.

ಯಲ್ಲಾಪುರ ಅಕ್ಕ: ಎಂತ ಟೆಸ್ಟ್ ಅದು? ನೀನೊಬ್ಬ, ತೆಳ್ಳನೆ ಹುಡುಗ ಒಬ್ಬ, ಸಪಾಟು ರಸ್ತೆ. ಹಂಗೆ ಓಡಿಸಿದ್ರೆ ಎಲ್ಲ ಕಾರೂ ಚೊಲೋನೇ. ನಿಂಗ ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹಾಕಿ, ಎಸಿ ಹಚ್ಚಿ ಕುಮಟೆಯಿಂದ ದೇವಿಮನೆ ಘಟ್ಟ ಹತ್ತುವಾಗ ಆ 1.2 ಲೀಟರ್ ಎಂಜಿನ್ ಎಂತ ಹೇಳ್ತು? ಎಳೆತ ಹೆಚ್ಚು ಮಾಡೋ ಟರ್ಬೊ ಬೇರೆ ಇಲ್ಲೆ ಅದಕ್ಕೆ.

ಕಾರವಾರ ಚಿಕ್ಕಪ್ಪ: ಈಗಿನ ಯಾವ ಕಾರೂ ಘಟ್ಟದಲ್ಲಿ ನಿಲ್ಲುವುದಿಲ್ಲ ತಂಗಿ. ಸರ್ವಿಸ್ ಹತ್ತಿರ ಇದ್ದಾ, ಆನ್ ರೋಡ್ ಎಷ್ಟು, ಇಷ್ಟೇ ನೋಡೋದು. ನಾನು ತಗೊಂಡಾಗ ಟೆಸ್ಟ್ ಡ್ರೈವೇ ಮಾಡ್ಲಿಲ್ಲ.

ಯಲ್ಲಾಪುರ ಅಕ್ಕ: ನಿಂಗೆ ಭಟ್ಕಳದವರೆಗೂ ಎನ್‌ಎಚ್ 66 ಇದ್ದು ಚಿಕ್ಕಪ್ಪ, ಹೆಚ್ಚಿನದು ಚತುಷ್ಪಥ. ನಾನು ಅರಬೈಲ್ ಘಟ್ಟದಲ್ಲಿ ಲಾರಿ ಹಿಂದೆ ಹತ್ತೋದು.

ಹುಬ್ಬಳ್ಳಿ ಭಾವ: ಒಂದು ಮಾತು. ಆಟೊಮ್ಯಾಟಿಕ್ ಗೇರಿನಲ್ಲಿ ಬಗೆ ಬೇರೆ ಬೇರೆ, ಇದು ಯಾವುದು? ಎಎಂಟಿಯೋ, ಸಿವಿಟಿಯೋ, ಟಾರ್ಕ್ ಕನ್ವರ್ಟರೋ?

ಅಣ್ಣ ಬ್ರೋಷರಿನ ಫೋಟೊ ಹಾಕಿದ. ಸಣ್ಣಕ್ಷರದಲ್ಲಿ ಎಎಂಟಿ ಅಂತ ಇತ್ತು. ಜಗಳಕ್ಕೆ ತಿರುಳು ಸಿಕ್ಕಿದ್ದು ಇಲ್ಲಿ.

ಹುಬ್ಬಳ್ಳಿ ಭಾವ: ಎಎಂಟಿ ಒಳಗೆ ಇರುವುದು ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನು ನಿಮ್ಮ ಕಾಲು, ಕೈಯ ಬದಲು ಯಂತ್ರ ಮಾಡುತ್ತದೆ. ರೇಟು ಕಡಿಮೆ, ಮೈಲೇಜು ಚೆನ್ನಾಗಿ ಬರುತ್ತದೆ, ತಪ್ಪಿಲ್ಲ. ಆದರೆ ಗೇರು ಬದಲಾಗುವ ಹೊತ್ತಿಗೆ ಎಳೆತ ಒಂದು ಕ್ಷಣ ಕಡಿಯುತ್ತದೆ. ಸಪಾಟಿನಲ್ಲಿ ಮೆಲ್ಲಗೆ ಹೋದರೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ, ಏರಿನಲ್ಲಿ ಗೊತ್ತಾಗುತ್ತದೆ.

ಯಲ್ಲಾಪುರ ಅಕ್ಕ: ಅದೇ ಹೇಳಿದ್ದು ನಾನು. ತಿರುವಿನಲ್ಲಿ ಮೇಲಿಂದ ಬಸ್ಸು ಬಂತು, ನೀ ನಿಲ್ಲಿಸಿದೆ. ಈಗ ಬ್ರೇಕಿಂದ ಕಾಲು ತೆಗೆದು ಆಕ್ಸಿಲರೇಟರಿಗೆ ಹೋಗುವಷ್ಟರಲ್ಲಿ ಕಾರು ಹಿಂದೆ ಜಾರ್ತಾ ಇಲ್ಲ್ಯಾ? ಹಿಲ್ ಹೋಲ್ಡ್ ಇದ್ರೆ ಸ್ವಲ್ಪ ಹೊತ್ತು ಹಿಡ್ಕಳ್ತು. ಅದನ್ನ ಏರಿನಲ್ಲಿ ನಿಲ್ಲಿಸಿ, ಹೊರಟು, ಮತ್ತೆ ನಿಲ್ಲಿಸಿ ನೋಡ್ಬೇಕು. ಇಳಿಯುವಾಗ್ಲೂ ಅಷ್ಟೇ. ಡಿ (ಡ್ರೈವ್) ಹಾಕಿ ಬ್ರೇಕ್ ಒತ್ತುತ್ತಾ ಬಂದ್ರೆ ಬ್ರೇಕು ಕಾಯ್ತು, ಕಾದಷ್ಟೂ ಹಿಡಿತ ಕಮ್ಮಿ. ಎಂ (ಮ್ಯಾನುವಲ್) ಮೋಡಿಗೆ ಹಾಕಿ ಎರಡನೇ ಗೇರಲ್ಲಿ ಇಳಿಸು. ಎಂಜಿನ್ ತಾನೇ ತಡೀತಾ ನೋಡು.

ನಾನು: ಅಣ್ಣಾ, ನೀ ಓಡಿಸಿದ್ದು ಟಾಪ್ ಮಾಡೆಲ್ಲಾ?

ಶಿರಸಿ ಅಣ್ಣ: ಹೌದು. ತಗಳದು ನಡುವಿನದು.

ನಾನು: ಹಾಗಾದ್ರೆ ಹಿಲ್ ಹೋಲ್ಡ್, ಹಿಂದಿನ ಕ್ಯಾಮೆರಾ, ಟಯರಿನ ಅಳತೆ ಎಲ್ಲ ನಿನ್ನ ಮಾಡೆಲ್ಲಿಗೂ ಅದೇ ಇದ್ಯಾ ಅಂತ ಬ್ರೋಷರ್ ಹಿಡಿದು ಕೇಳು. ಓಡಿಸಿ ಒಪ್ಪಿದ್ದು ಒಂದು, ಮನೆಗೆ ಬರೋದು ಇನ್ನೊಂದು ಆಗಬಾರದು.

ಕಾರವಾರ ಚಿಕ್ಕಪ್ಪ: ಓಡಿಸಿದ ಮಾತ್ರಕ್ಕೆ ಎಲ್ಲ ಗೊತ್ತಾಗ್ತದಾ? ಭಾರತ್ ಎನ್‌ಕ್ಯಾಪ್ ಅಂತ ಕಾರು ಗುದ್ದಿಸಿ ನೋಡುವ ಸುರಕ್ಷತಾ ಪರೀಕ್ಷೆ 2023ರಿಂದ ಇದೆ, ಸ್ಟಾರ್ ಎಷ್ಟು ನೋಡಿ. ನಮ್ಮಲ್ಲಿ ಉಪ್ಪು ಗಾಳಿಗೆ ಅಡಿಭಾಗ ತುಕ್ಕು ಹಿಡೀತದೆ, ಅದನ್ನ ಯಾವ ಟೆಸ್ಟ್ ಡ್ರೈವ್ ಹೇಳ್ತದೆ?

ಚಿಕ್ಕಪ್ಪನ ಈ ಮಾತಿನಲ್ಲಿ ಹುರುಳಿತ್ತು. ಆದರೆ ಅಕ್ಕ ಸೋಲುವ ಜಾತಿಯಲ್ಲ.

ಯಲ್ಲಾಪುರ ಅಕ್ಕ: ಸ್ಟಾರ್ ಮನೇಲಿ ಕೂತೇ ನೋಡ್ಲಕ್ಕು. ಆಯಿ ಮೊಣಕಾಲು ಮುಂದಿನ ಸೀಟಿಗೆ ತಾಗ್ತಾ ಹೇಳಿ ಯಾವ ಸ್ಟಾರೂ ಹೇಳ್ತಿಲ್ಲೆ.

ಹುಬ್ಬಳ್ಳಿ ಭಾವ: ಸೇಲ್ಸ್ ಹುಡುಗ ದೇವಿಮನೆ ಘಟ್ಟದವರೆಗೆ ಬರುವುದಿಲ್ಲ, ಅವನ ಹಿಂದೆ ಇನ್ನೊಬ್ಬ ಗಿರಾಕಿ ಕಾಯುತ್ತಿರುತ್ತಾನೆ. ಘಟ್ಟ ಯಾಕೆ ಬೇಕು? ನಿಮ್ಮ ಮನೆ ದಣಪೆಯಿಂದ ಅಂಗಳಕ್ಕೆ ಬರುವ ಏರು ಸಾಲದೆ? ಹೋದ ಮಳೆಗಾಲದಲ್ಲಿ ನನ್ನ ಕಾರಿನ ಚಕ್ರ ಅಲ್ಲೇ ತಿರುಗುತ್ತಾ ನಿಂತಿತ್ತು. ಡೆಮೊ ಕಾರನ್ನು ಮನೆಗೇ ತಂದು ತೋರಿಸುತ್ತಾರೆ, ಕೇಳಬೇಕು ಅಷ್ಟೆ.

ಶಿರಸಿ ಅಣ್ಣ: ಮೋರಿ ಹತ್ರ ಕಲ್ಲು ಎದ್ದಿದ್ದು ಭಾವ. ಡೆಮೊ ಕಾರಿಗೆ ತಾಗಿದ್ರೆ?

ಯಲ್ಲಾಪುರ ಅಕ್ಕ: ತಾಗ್ತಾ ಹೇಳಿ ನೋಡಲೇ ಅಲ್ದಾ ತರಿಸದು! ಇಳಿದು ಬಗ್ಗಿ ನೋಡಿ, ಮೆಲ್ಲಗೆ ದಾಟಿಸು. ಬ್ರೋಷರಿನ ಗ್ರೌಂಡ್ ಕ್ಲಿಯರೆನ್ಸ್ ಹೆಚ್ಚಾಗಿ ಖಾಲಿ ಕಾರಿನದ್ದು. ಐದು ಜನ ಕೂತ್ರೆ ಕೆಳಗೆ ಕೂರ್ತು.

ಅಷ್ಟರಲ್ಲಿ ಆಯಿಯ ವಾಯ್ಸ್ ಮೆಸೇಜು. ಹಿನ್ನೆಲೆಯಲ್ಲಿ ಮಿಕ್ಸರ್ ಸದ್ದು.

ಆಯಿ: ಎಲ್ಲ ಎಂಜಿನ್ ಎಂಜಿನ್ ಹೇಳ್ತಿ. ಸೀರೆ ಉಟ್ಗಂಡು ಯಂಗೆ ಹತ್ತಲೆ ಆಗ್ತಾ ಹೇಳಿ ಯಾರಾದ್ರೂ ಕೇಳಿದ್ರಾ? ಹಿಂದೆ ಕೂತ್ರೆ ತಲೆ ತಿರುಗ್ತು, ಅದನ್ನೂ ನೋಡವು. ಮತ್ತೆ ಆ ಸನ್‌ರೂಫ್ ಎಂತಕ್ಕೆ? ಶಿರಸಿ ಮಳೇಲಿ ಯಾರ ತಲೆ ಹೊರಗೆ ಹಾಕದು?

ಸನ್‌ರೂಫಿನ ಪರವಾಗಿ ಆಮೇಲೆ ಯಾರೂ ಮಾತಾಡಲಿಲ್ಲ, ಫಾರ್ವರ್ಡ್ ಹಾಕಿದ ಚಿಕ್ಕಪ್ಪನೂ.

ನಾನು: ಇನ್ನೊಂದು ಕಂಪನಿ ಕಾರನ್ನೂ ನೋಡಿದ್ಯಲ್ಲ ಅಣ್ಣಾ, ಅದನ್ನೂ ಅದೇ ದಿನ ಅದೇ ಏರಲ್ಲಿ ಓಡಿಸು. ಅದಕ್ಕೂ ಮೊದಲು ನಿನ್ನ ಹಳೇ ಕಾರನ್ನ ಒಂದ್ಸಲ ಹತ್ತಿಸು. ಆಗ ಹೋಲಿಸಲಿಕ್ಕೆ ಕೈಯಲ್ಲಿ ಏನಾದ್ರೂ ಇರ್ತದೆ. ಸ್ಟೀರಿಯೊ ಬಂದ್. ಹುಡುಗನಿಗೂ ಸ್ವಲ್ಪ ಹೊತ್ತು ಸುಮ್ಮನಿರು ಅನ್ನು, ಎಂಜಿನ್ ಸದ್ದು ಕೇಳ್ಬೇಕು. ಬಲ ತಿರುವಿನಲ್ಲಿ ಮುಂದಿನ ಗಾಜಿನ ಪಕ್ಕದ ಕಂಬ ಎಷ್ಟು ರಸ್ತೆ ಮುಚ್ತದೆ ಅಂತಲೂ ನೋಡು.

ಕಾರವಾರ ಚಿಕ್ಕಪ್ಪ: ಇಷ್ಟೆಲ್ಲ ನೋಡಿ ಹೆಣ್ಣೂ ತರುವುದಿಲ್ಲ ನಮ್ಮಲ್ಲಿ.

ಯಲ್ಲಾಪುರ ಅಕ್ಕ: ಚಿಕ್ಕಮ್ಮ ಇದೇ ಗುಂಪಲ್ಲಿದ್ದು ಚಿಕ್ಕಪ್ಪ.

ಅರ್ಧ ಗಂಟೆ ಯಾರದ್ದೂ ಮೆಸೇಜಿಲ್ಲ. ಆಮೇಲೆ ಅಣ್ಣ ಬಂದ.

ಶಿರಸಿ ಅಣ್ಣ: ಶೋರೂಮಿಗೆ ಫೋನ್ ಮಾಡಿದ್ದಿ. ಮನೆಗೆ ತರ್ತ್ವಡ. ಶನಿವಾರ ಆ ಕಾರು ಬೇರೆ ಕಡೆ ಹೋಗ್ತು, ಮಂಗಳವಾರ ಬತ್ತು. ನಡುವಿನ ಮಾಡೆಲ್ಲಿಗೆ ಹಿಲ್ ಹೋಲ್ಡ್ ಇದ್ದಾ ಕೇಳಿದ್ದಕ್ಕೆ ನೋಡಿ ಹೇಳ್ತೆ ಹೇಳ್ದ.

ಯಲ್ಲಾಪುರ ಅಕ್ಕ: ನೋಡಿ ಹೇಳುವವರೆಗೆ ಅಡ್ವಾನ್ಸ್ ಕೊಡಡ.

ಕಾರವಾರ ಚಿಕ್ಕಪ್ಪ: ಮಂಗಳವಾರ ಬೇಡ, ಬುಧವಾರ ತರ್ಸು.

ಆಯಿ: ಓಡ್ಸಿ ನೋಡಲೆ ಎಂತಾ ಮುಹೂರ್ತ? ಮಂಗಳವಾರವೇ ಬರ್ಲಿ.

ಯಲ್ಲಾಪುರ ಅಕ್ಕ: ಆಯಿ ಹಿಂದೆ, ಅತ್ತಿಗೆ ಮತ್ತೆ ಮಕ್ಕಳಿಬ್ಬರೂ ಕೂತ್ಕಳ್ಳಿ. ಡಿಕ್ಕಿಗೆ ಅಡಿಕೆ ಚೀಲ ಹಾಕು.

ಹುಬ್ಬಳ್ಳಿ ಭಾವ: ಸೇಲ್ಸ್ ಹುಡುಗ ಎಲ್ಲಿ ಕೂರಬೇಕು?