ರಾತ್ರಿ ಕೆರೆಯಲ್ಲಿ ಈಜು: ಡಾಕ್ಟರನ್ನು ಕೇಳಿ

ಅಡ್ಮಿನ್: ಬೇಸಿಗೆ ರಜೆ ಶುರುವಾಗಿದೆ, ಹುಡುಗರು ಬೆಳದಿಂಗಳಲ್ಲಿ ಕೆರೆಗೆ ಹೋಗುವುದೂ ಶುರುವಾಗಿದೆ. ತುರ್ತು ವಿಭಾಗದಲ್ಲಿ ಕೆಲಸ ಮಾಡುವ ನಮ್ಮ ಡಾಕ್ಟರ್ ಈಗ ಸ್ವಲ್ಪ ಹೊತ್ತು ಇರುತ್ತಾರೆ. ಪ್ರಶ್ನೆ ಕೇಳಿ, ಫಾರ್ವರ್ಡ್ ಹಾಕಬೇಡಿ.

ಕಿರಣ್: ಸರ್, ರಾತ್ರಿ ಈಜಿದರೆ ಅಂಥಾ ಅಪಾಯ ಏನು? ನೀರು ಅದೇ ಅಲ್ವಾ? ನಮ್ಮ ಐದು ಜನಕ್ಕೂ ಈಜು ಬರುತ್ತೆ.

ಡಾಕ್ಟರ್: ನೀರು ಅದೇ, ಆದರೆ ಮುಳುಗುವವನು ಕಾಣುವುದಿಲ್ಲ. ಮುಳುಗುವವರು ಸಿನಿಮಾದಲ್ಲಿ ಥರ ಕೂಗುವುದಿಲ್ಲ. ಬಾಯಿ ಮೇಲೆ ಬಂದ ಆ ಚೂರು ಹೊತ್ತು ಉಸಿರೆಳೆಯುವುದಕ್ಕೇ ಸಾಲುವುದಿಲ್ಲ, ಇನ್ನು ಕೂಗುವುದೆಲ್ಲಿ? ಐವರು ಇಳಿದು ನಾಲ್ವರು ಹರಟೆ ಹೊಡೆಯುತ್ತಿದ್ದರೂ ಕತ್ತಲಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹೂಳೆತ್ತಿದ ಕೆರೆಯಾದರೆ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಜೆಸಿಬಿ ತೋಡಿದ ಗುಂಡಿ ಇರುತ್ತದೆ. ತೂಬಿನ ಹತ್ತಿರವಂತೂ ಬೇಡವೇ ಬೇಡ.

ಮಧು: ಎರಡು ಬಿಯರ್ ಆದ್ಮೇಲೆ ಇಳಿದರೆ ಚಳಿ ಗೊತ್ತಾಗಲ್ಲ ಅಂತಾರಲ್ಲ, ನಿಜಾನಾ?

ಡಾಕ್ಟರ್: ಗೊತ್ತಾಗುವುದಿಲ್ಲ, ಅಷ್ಟೇ. ಮೈಯ ಶಾಖ ಮಾತ್ರ ಬೇಗ ಹೋಗುತ್ತೆ. ಕುಡಿದು ಇಳಿಯಬೇಡಿ.

ಸುಮಾ: ಕಿವಿಗೆ ನೀರು ಹೋಗಿದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಬಹುದಾ?

ಡಾಕ್ಟರ್: ಬೇಡ. ತಲೆ ವಾಲಿಸಿ ನೀರು ಹೊರಗೆ ಬಿಡಿ. ಬಡ್ಸ್ ಹಾಕಬೇಡಿ. ನೋವು ಬಂದರೆ ಯಾರಿಗಾದರೂ ತೋರಿಸಿ.

ಲತಾ: ಸರ್, ನಮಸ್ತೆ. ನನ್ನ ತಮ್ಮ, 19 ವರ್ಷ. ನಿನ್ನೆ ರಾತ್ರಿ ಗೆಳೆಯರ ಜೊತೆ ಕೆರೆಗೆ ಹೋಗಿ ಮುಳುಗಿದ್ದನಂತೆ, ಅವರೇ ಎಳೆದು ಹಾಕಿದ್ದಾರೆ. ವಾಂತಿ ಮಾಡಿಕೊಂಡು ಎದ್ದು ಕೂತ, ಏನೂ ಆಗಿಲ್ಲ ಅಂತ ಮನೆಗೆ ಬಂದು ಮಲಗಿದ. ಈಗ ಒಂದೇ ಸಮನೆ ಕೆಮ್ಮು, ಮಲಗಿದರೆ ಉಸಿರು ಕಟ್ಟುತ್ತೆ ಅಂತಾನೆ. ಅಮ್ಮ ಶೀತ ಅಂತ ಹಬೆ ಕೊಡುತ್ತಿದ್ದಾರೆ.

ಡಾಕ್ಟರ್: ಲತಾ, ಹಬೆ ನಿಲ್ಲಿಸಿ. ಕಷಾಯ ಏನೂ ಕುಡಿಸಬೇಡಿ. ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಅಂಗಿ ತೆಗೆಸಿ. ಮೊಬೈಲಲ್ಲಿ ಒಂದು ನಿಮಿಷ ಇಟ್ಟುಕೊಂಡು ಎದೆ ಎಷ್ಟು ಸಲ ಏರುತ್ತದೆ ಎಣಿಸಿ. ಅವನಿಗೆ ಹೇಳಿ ಎಣಿಸಬೇಡಿ, ಹೇಳಿದರೆ ಉಸಿರಾಟ ಬದಲಾಗುತ್ತದೆ. ಕೊರೊನಾ ಕಾಲದ ಆಕ್ಸಿಮೀಟರ್ ಇದ್ದರೆ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ ಹಾಕಿ. ಇದು ಶೀತವಲ್ಲ. ಕೆರೆ ನೀರು ಶ್ವಾಸಕೋಶಕ್ಕೆ ಹೋದಾಗ ಅಲ್ಲಿನ ಸಣ್ಣ ಗಾಳಿಚೀಲಗಳನ್ನು ಬಿಚ್ಚಿಡುವ ಜಾರುಪದರ ಕೆಡುತ್ತದೆ. ಚೀಲಗಳು ಮುದುಡಿಕೊಳ್ಳುತ್ತವೆ, ಒಳಗೆ ನೀರು ಜಿನುಗುತ್ತದೆ, ರಕ್ತಕ್ಕೆ ಆಮ್ಲಜನಕ ಸಿಗುವುದಿಲ್ಲ. ಮೊದಲು ಎದ್ದು ಕೂತು ಮಾತಾಡಿದವನು ಕೆಲವು ಗಂಟೆ ಕಳೆದ ಮೇಲೆ ಹೀಗಾಗುವುದುಂಟು. ಅದಕ್ಕೇ ನೀರು ಕುಡಿದು ಕೆಮ್ಮಿದವರನ್ನು ಆವತ್ತೇ ಆಸ್ಪತ್ರೆಯಲ್ಲಿ ಆರೆಂಟು ಗಂಟೆ ಇಟ್ಟುಕೊಂಡು ನೋಡುವುದು. ಎಣಿಕೆ ಎಷ್ಟೇ ಬರಲಿ ಹೊರಡಲೇಬೇಕು. 108ಕ್ಕೆ ಈಗಲೇ ಫೋನ್ ಮಾಡಿ. ಅದು ತಡವಾದರೆ ಪಕ್ಕದ ಮನೆಯವರ ಕಾರು ಕೇಳಿ. ಬೈಕಲ್ಲಿ ಮಧ್ಯ ಕೂರಿಸಿಕೊಂಡು ಹೋಗಬೇಡಿ. ಎಣಿಸಿ ಬರೀರಿ.

ನಾಗರಾಜ್: ಎಲ್ಲರಿಗೂ ಉಪಯುಕ್ತ ಮಾಹಿತಿ. ನೀರಲ್ಲಿ ಮುಳುಗಿದವರನ್ನು ಹರಳುಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಉಪ್ಪು ನೀರನ್ನೆಲ್ಲ ಹೀರಿಕೊಂಡು ಜೀವ ಬರುತ್ತದೆ. ದಯವಿಟ್ಟು ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಒಬ್ಬನಿಗೂ ಕಳಿಸಬೇಡಿ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನೇ ನಂಬಿ ಸತ್ತ ಮಗುವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದು ಕೂತಿದ್ದರು. ಉಪ್ಪು ಚರ್ಮದ ಮೂಲಕ ಶ್ವಾಸಕೋಶದ ನೀರು ಹೀರುವುದಿಲ್ಲ. ಉಸಿರು ನಿಂತ ನಾಲ್ಕೈದು ನಿಮಿಷಕ್ಕೆ ಮೆದುಳು ಸಾಯಲು ಶುರುವಾಗುತ್ತದೆ, ನೀವು ಮೂಟೆ ಹುಡುಕಿಕೊಂಡು ಅಂಗಡಿಗೆ ಓಡುತ್ತೀರಿ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು ಐದು ಸಲ ಊದಿ. ಆಮೇಲೆ ಎದೆ ಮಧ್ಯ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಎರಡು ಸಲ ಊದಿ, ಹೀಗೇ ಮುಂದುವರಿಸಿ. ಹೊಟ್ಟೆ ಒತ್ತಬೇಡಿ, ತಲೆಕೆಳಗೆ ಹಿಡಿದು ತಿರುಗಿಸಬೇಡಿ. ಹೊಟ್ಟೆಯಲ್ಲಿರುವುದು ಉಸಿರ್ನಾಳಕ್ಕೆ ಹೋಗುತ್ತದೆ.

ನಾಗರಾಜ್: ನಮ್ಮ ಹಿರಿಯರು ದಡ್ಡರಾ ಸರ್?

ಶಿವಣ್ಣ: ಹಿರಿಯರನ್ನು ಯಾಕಪ್ಪಾ ಎಳೀತೀಯ. ನಾವೆಲ್ಲ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಇದೇ ಕೆರೆಯಲ್ಲಿ ಈಜು ಕಲಿತವರು. ದಡದಲ್ಲಿ ಒಬ್ಬ ದೊಡ್ಡವನು ಕೂತೇ ಇರುತ್ತಿದ್ದ. ಈಗಿನವಕ್ಕೆ ರೀಲ್ಸ್ ಬೇಕು.

ಕಿರಣ್: ಆಗ ಕೆರೆ ತಳ ಸಮ ಇತ್ತು ಶಿವಣ್ಣ. ಗುಂಡಿ ತೋಡಿ ಮಣ್ಣು ಸಾಗಿಸಿದವರು ನಿಮ್ಮ ಕಾಲದವರೇ.

ಶಿವಣ್ಣ: ಯಾರು ಸಾಗಿಸಿದ್ದು? ಹೆಸರು ಹೇಳು ನೋಡೋಣ. ನಿಮ್ಮ ಮನೆ ತಳಪಾಯಕ್ಕೆ ಎಲ್ಲಿಯ ಮಣ್ಣು ಬಂತು ಅಂತ ನನಗೂ ಗೊತ್ತು.

ಕಿರಣ್: ಟ್ರ್ಯಾಕ್ಟರ್ ಯಾರದು ಅಂತಲೂ ಹೇಳಿಬಿಡಿ ಹಾಗಾದರೆ.

ಅಡ್ಮಿನ್: ಇಬ್ಬರೂ ಸುಮ್ನಿರಿ.

ಲತಾ: ಸರ್, 34 ಬಂತು. ಆಕ್ಸಿಮೀಟರಲ್ಲಿ 88. 108 ಬರ್ತಾ ಇದೆ.

ಡಾಕ್ಟರ್: ಕೂತುಕೊಂಡೇ ಇರಲಿ. ಗೆಳೆಯರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಎಷ್ಟು ಹೊತ್ತು ಮುಳುಗಿದ್ದ, ಪ್ರಜ್ಞೆ ತಪ್ಪಿತ್ತಾ, ಕುಡಿದಿದ್ದರಾ. ಬೈಯಬೇಡಿ, ಬೈದರೆ ನಿಜ ಹೇಳುವುದಿಲ್ಲ.

ರೇಖಾ: ಡಾಕ್ಟರೇ, ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾ ಅಂತ ಬಂತಲ್ಲ, ನಮ್ಮ ಕೆರೆಯಲ್ಲೂ ಇರುತ್ತಾ? ಬ್ಲೀಚಿಂಗ್ ಪೌಡರ್ ಹಾಕಿಸಿದರೆ ಸಾಕಾ?

ಡಾಕ್ಟರ್: ಬೆಚ್ಚಗಿನ ನಿಂತ ನೀರಲ್ಲಿ ಇರಬಹುದು. ರೋಗ ಬಹಳ ಅಪರೂಪ, ಬಂದರೆ ಬದುಕುವವರು ಕಡಿಮೆ. ಅದು ಒಳಗೆ ಹೋಗುವುದು ಮೂಗಿನಿಂದ, ಕುಡಿದರೆ ಅಲ್ಲ. ಧುಮುಕಬೇಡಿ, ತಳದ ಕೆಸರು ಕಲಕಬೇಡಿ. ಈಜಿದ ಎರಡು ವಾರದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಬಂದರೆ ಕೆರೆಗೆ ಹೋಗಿದ್ದನ್ನು ಮುಚ್ಚಿಡದೆ ಹೇಳಿ. ಇಲಿ ಜ್ವರಕ್ಕೂ ಇದೇ ಮಾತು. ಅದರಲ್ಲಿ ಮೀನಖಂಡ ನೋಯುತ್ತದೆ, ಕಣ್ಣು ಕೆಂಪಾಗುತ್ತದೆ.

ಗಿರೀಶ್: ಸರ್ ಕಿವಿಗೆ ಎಣ್ಣೆ...

ಡಾಕ್ಟರ್: ಮೇಲೆ ಓದಿ.

ಪವಿತ್ರಾ: ನಮ್ಮ ಕೃಷಿ ಹೊಂಡದಲ್ಲಿ ಮಕ್ಕಳು ಈಜಬಹುದಾ? ಪ್ಲಾಸ್ಟಿಕ್ ಹಾಸಿದೆ, ನೀರು ಚೊಕ್ಕಟವಾಗಿದೆ.

ನಾಗರಾಜ್: ಡ್ರೈ ಡ್ರೌನಿಂಗ್ ಅಂತ ಒಂದಿದೆಯಂತೆ, ಈಜಿ ಒಂದು ವಾರ ಆದ್ಮೇಲೂ ಆರಾಮಾಗಿದ್ದವರು ನಿದ್ದೆಯಲ್ಲೇ ಹೋಗ್ತಾರಂತೆ. ವಿಡಿಯೋ ಕಳಿಸಲಾ?

ಡಾಕ್ಟರ್: ಕಳಿಸಬೇಡಿ. ವೈದ್ಯರು ಆ ಹೆಸರು ಬಳಸುವುದಿಲ್ಲ. ಒಂದು ವಾರ ಆರಾಮಾಗಿ ಓಡಾಡಿದವನು ಆ ನೀರಿನಿಂದ ಮುಳುಗಿ ಸಾಯುವುದಿಲ್ಲ. ಕೆಮ್ಮುವವನನ್ನು ಬಿಟ್ಟು ವಿಡಿಯೋ ನೋಡುತ್ತಾ ಕೂರಬೇಡಿ, ಅಷ್ಟೇ.

ನಾಗರಾಜ್: ಒಳ್ಳೇದು ಹೇಳೋಕೆ ಬಂದ್ರೆ ಹೀಗೆ. ಓದಿದವರ ಅಹಂಕಾರ.

ಮಧು: ನಾಗರಾಜಣ್ಣ, ನೀವು ಉಪ್ಪಿನ ಅಂಗಡಿ ಇಟ್ಟಿದ್ದೀರಾ?

ಲತಾ: ಸರ್, ಸೇರಿಸಿಕೊಂಡರು. ಮಾಸ್ಕಲ್ಲಿ ಆಕ್ಸಿಜನ್ ಹಾಕಿದ್ದಾರೆ, ಈಗ 95. ಎಕ್ಸ್‌ರೇಯಲ್ಲಿ ಎರಡೂ ಕಡೆ ಬೆಳ್ಳಗಿದೆ ಅಂದರು. ಗೆಳೆಯರಲ್ಲಿ ಒಬ್ಬ ಮಾತ್ರ ಫೋನ್ ಎತ್ತಿದ. ಎಳೆದು ಹಾಕಿದಾಗ ಸ್ವಲ್ಪ ಹೊತ್ತು ಎಚ್ಚರ ಇರಲಿಲ್ಲವಂತೆ.

ಡಾಕ್ಟರ್: ಅದನ್ನು ಅಲ್ಲಿಯ ಡಾಕ್ಟರಿಗೆ ಈಗಲೇ ಹೇಳಿ. ಆರಾಮಾಯ್ತು ಅಂತ ಅವನೇ ಹಟ ಮಾಡಿದರೂ ಇವತ್ತು ಮನೆಗೆ ಕರೆತರಬೇಡಿ. ನನಗೆ ಓಪಿಡಿ ಇದೆ, ಹೊರಟೆ.

ಗಿರೀಶ್: ಸರ್, ಕಿವಿಯಲ್ಲಿ ಇನ್ನೂ ಗುಂಯ್ ಅಂತಿದೆ.

ಪವಿತ್ರಾ: ಕೃಷಿ ಹೊಂಡದ್ದು ಯಾರಾದರೂ ಹೇಳಿ.

ಶಿವಣ್ಣ: ಇಳಿಸಬೇಡಮ್ಮಾ. ಆ ಪ್ಲಾಸ್ಟಿಕ್ ಪಾಚಿ ಕಟ್ಟಿ ಜಾರುತ್ತೆ, ಈಜು ಬರುವವನೂ ಹತ್ತೋಕಾಗದೆ ಸುಸ್ತಾಗ್ತಾನೆ. ಮೊದಲು ಸುತ್ತ ಬೇಲಿ ಹಾಕಿಸಿ, ಗಂಟು ಹಾಕಿದ ಒಂದು ಹಗ್ಗ ಒಳಕ್ಕೆ ಇಳಿಬಿಡಿ. ಕಿರಣ, ಟ್ರ್ಯಾಕ್ಟರ್ ವಿಷಯ ಸಂಜೆ ಅರಳಿಕಟ್ಟೆ ಹತ್ರ ಬಾ, ಮಾತಾಡೋಣ.